ಕಿತ್ತಳೆ ಬಣ್ಣದ ಭಾನುವಾರ

ಆ ಚಿತ್ರವನ್ನು ಪ್ರೀತಿ ಬರೆದದ್ದು ಸಂತೋಷದಲ್ಲಿ. ಆಮೇಲೆ ಅವಳನ್ನು ಸುಟ್ಟ ಕೋಪಕ್ಕೆಲ್ಲ ಆ ಸಂತೋಷವೇ ಮೂಲ. ಸಿಟ್ಟಿನಲ್ಲಿದ್ದಿದ್ದರೆ ಕಂಡದ್ದನ್ನು ಕಂಡ ಹಾಗೆ ಬರೆದು ಎದ್ದು ಬರುತ್ತಿದ್ದಳು. ಸಂತೋಷದಲ್ಲಿದ್ದವಳಿಗೆ ಇಲ್ಲದ್ದನ್ನೂ ಒಂದಿಷ್ಟು ಸೇರಿಸೋಣ ಅನ್ನಿಸಿತು.

ಹೊನ್ನಮ್ಮನ ಕೆರೆ ಮೈಸೂರಿನ ಹೆಸರಾದ ಕೆರೆಗಳ ಸಾಲಿಗೆ ಸೇರಿದ್ದಲ್ಲ. ಒಂದು ದಡದಲ್ಲಿ ಬಡಾವಣೆಯ ಮನೆಗಳು, ಇನ್ನೊಂದು ದಡದಲ್ಲಿ ವಾಕಿಂಗ್ ಮಾಡುವವರ ದಾರಿ, ನಡುವೆ ಕೊಕ್ಕರೆಗಳು ಕೂರುವ ಮಣ್ಣಿನ ದಿಬ್ಬ. ಮೋಡವಿಲ್ಲದ ದಿನ ಚಾಮುಂಡಿ ಬೆಟ್ಟ ತಲೆಕೆಳಗಾಗಿ ನೀರಿಗೆ ಇಳಿಯುತ್ತದೆ. ಭಾನುವಾರ ಸಂಜೆಯಾದರೆ ಚುರುಮುರಿ ಗಾಡಿಗಳು, ಬಲೂನು, ಸೆಲ್ಫಿ, ದೋಣಿಗೆ ಕಾಯುವ ಸಾಲು. ಆ ದೋಣಿಗಳಲ್ಲೊಂದನ್ನು ನಡೆಸುತ್ತಿದ್ದವನು ಪ್ರೀತಿಯ ಅಪ್ಪ ಸಣ್ಣಮಾದಯ್ಯ. ಬೋಟಿಂಗ್ ಗುತ್ತಿಗೆ ಹಿಡಿದವರು ಎಷ್ಟೋ ಮಂದಿ ಬಂದರು, ಹೋದರು. ಹುಟ್ಟು ಹಾಕುವ ಕೈ ಮಾತ್ರ ಬದಲಾಗಲಿಲ್ಲ.

ಪ್ರೀತಿ ಖಾಸಗಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಸಂಕ್ರಾಂತಿ ಕಳೆದ ಒಂದು ಭಾನುವಾರ, ದಡದ ಹೊಂಗೆ ಮರದ ಕೆಳಗೆ ಕ್ಯಾನ್ವಾಸ್ ನಿಲ್ಲಿಸಿಕೊಂಡು ಕೂತಳು. ಅವಳು ಕಲಿತದ್ದು ಇಂಪ್ರೆಷನಿಸ್ಟ್ ಶೈಲಿ. ಮುಖಕ್ಕೆ ಕಣ್ಣು ಮೂಗು ತಿದ್ದುತ್ತ ಕೂರುವ ಪೈಕಿಯಲ್ಲ; ಬೆಳಕು ಓಡಿಹೋಗುವ ಮೊದಲು ಅದನ್ನು ಹಿಡಿಯಬೇಕು, ಒಂದೊಂದು ಗೀಟು ಒಂದೊಂದು ಜೀವ. ನೀರಿನ ಮೇಲೆ ಮುರಿದು ಬಿದ್ದ ಬಿಸಿಲು, ನಾಲ್ಕಾರು ದೋಣಿ, ನಟ್ಟನಡುವೆ ಅಪ್ಪನ ದೋಣಿ. ಅದರಲ್ಲಿ ಬಿಳಿ ಅಂಗಿಯವನೊಬ್ಬ. ಪಕ್ಕದಲ್ಲಿ ಹಸಿರು ಸೀರೆಯವಳು, ಅವಳ ಸೆರಗು ಹೆಗಲಿಂದ ಸೊಂಟದವರೆಗೆ ಒಂದೇ ಎಳೆತದಲ್ಲಿ ಬಂದಿತ್ತು. ಕಾಲೇಜಿನ ಇಬ್ಬರು ಹುಡುಗಿಯರು. ದೋಣಿಯ ಮೂತಿಯಲ್ಲಿ ನೀರು ಮುಟ್ಟಲು ಕೈ ಚಾಚಿದ ಒಂದು ಮಗು. ಹೊತ್ತು ಮುಳುಗುವಷ್ಟರಲ್ಲಿ ಚಿತ್ರ ಮುಗಿಯಿತು. ಅಷ್ಟು ಒಳ್ಳೆಯ ಚಿತ್ರವನ್ನು ಅವಳು ಅದುವರೆಗೆ ಬರೆದಿರಲಿಲ್ಲ.

ಒಣಗಿದ ಮೇಲೆ ಅದನ್ನು ಸರಸ್ವತಿಪುರಂನಲ್ಲಿದ್ದ ತನ್ನ ಗುರುಗಳು ವಾಗೀಶ ಮೇಷ್ಟ್ರ ಮನೆಗೆ ಹೊತ್ತುಕೊಂಡು ಹೋದಳು. ಮೇಷ್ಟ್ರು ಕಣ್ಣು ಕಿರಿದು ಮಾಡಿ, ಹಿಂದೆ ಸರಿದು, ಮುಂದೆ ಬಂದು ನೋಡಿದರು.

“ಚೆನ್ನಾಗಿದೆ. ಆದ್ರೆ ತಣ್ಣಗಿದೆ ಕಣಮ್ಮ. ನೀಲಿ ಎಲ್ಲಾನೂ ನುಂಗಿಬಿಟ್ಟಿದೆ. ನೀಲಿಯ ಎದುರಿಗೆ ಕಿತ್ತಳೆ ಇಟ್ಟು ನೋಡು, ಎರಡೂ ಎದ್ದು ಕೂರ್ತವೆ. ಇಲ್ಲಿ, ಇಲ್ಲಿ, ಇಲ್ಲಿ.” ದೋಣಿಯಲ್ಲಿದ್ದ ಒಬ್ಬೊಬ್ಬರ ಎದೆಯ ಮೇಲೂ ಮೇಷ್ಟ್ರ ಬೆರಳು ಹೋಯಿತು. “ಮೊದಲು ಒಂದು ಕೈ ವಾರ್ನಿಷ್ ಸವರಿ ಒಣಗಿಸ್ಕೋ. ಅದರ ಮೇಲೆ ದಪ್ಪಗೆ ಇಡು. ಬೇಡ ಅನ್ನಿಸಿದರೆ ಚಾಕುವಿನಲ್ಲಿ ಎಬ್ಬಿಸಿಬಿಡಬಹುದು, ಕೆಳಗಿನ ಬಣ್ಣಕ್ಕೆ ಏನೂ ಆಗಲ್ಲ.”

ಪ್ರೀತಿ ಹಾಗೇ ಮಾಡಿದಳು. ಕಿತ್ತಳೆ ಬಿದ್ದದ್ದೇ ತಡ, ಚಿತ್ರ ಹೊತ್ತಿಕೊಂಡಿತು. ಬಣ್ಣ ಬಲ್ಲವರೆಲ್ಲ ಮಾಡುವ ಕೆಲಸವೇ ಅದು. ಕಣ್ಣಿಗೆ ಕಾಣದ್ದನ್ನು ಚಿತ್ರ ಬೇಡಿದರೆ ಕೊಡುವುದು. ಅದರಲ್ಲಿ ಮೋಸವಿದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಉದಯಗಿರಿಯ ಮನೆಯಲ್ಲಿ, ಬುದ್ಧನ ಫೋಟೋದ ಕೆಳಗೆ ಚಿತ್ರವನ್ನು ಗೋಡೆಗೆ ಆನಿಸಿ ನಿಲ್ಲಿಸಿದಾಗ ಅವ್ವ ಚಲುವಮ್ಮ ಬಾಗಿ ಬಾಗಿ ನೋಡಿದಳು. “ನಿಮ್ಮಪ್ಪಂಗೆ ಮೂಗೇ ಇಲ್ವಲ್ಲೇ?”

“ದೂರದಿಂದ ನೋಡವ್ವ, ಬರ್ತದೆ.”

“ಹತ್ರದಿಂದ ನೋಡಿ ನೋಡಿ ಸಾಕಾಗದೆ. ದೂರದಿಂದ್ಲೂ ಬರೋದು ಬ್ಯಾಡ.”

ಸಣ್ಣಮಾದಯ್ಯ ಮಾತ್ರ ನಗಲಿಲ್ಲ. ತೊಳೆದ ಕೈಯನ್ನು ಪಂಚೆಗೆ ಒರೆಸಿಕೊಂಡು, ಮುಟ್ಟದೆ, ಒಂದೊಂದು ಕಿತ್ತಳೆ ಗೀಟಿನ ಮೇಲೂ ಬೆರಳು ಆಡಿಸಿದ. “ಎಲ್ಲಾರ್ಗೂ ಒಂದೊಂದು ಹೂ ಮುಡಿಸಿದಂಗದೆ ಕಣವ್ವ. ನನ್ ದೋಣಿ ಇಷ್ಟು ಚೆಂದಾಗದೆ ಅಂತ ನಂಗೇ ಗೊತ್ತಿರ್ಲಿಲ್ಲ.”

ಚಾಮರಾಜಪುರಂನ ಪುಟ್ಟ ಗ್ಯಾಲರಿಯಲ್ಲಿ ಚಿತ್ರ ತೂಗಿತು. ನೋಡಲು ಬಂದವರಲ್ಲಿ ಬೋಟಿಂಗಿನ ಈಗಿನ ಗುತ್ತಿಗೆದಾರ ಸ್ವರೂಪ್ ಕೂಡ ಇದ್ದ. ಇಸ್ತ್ರಿ ಕೆಡದ ಅಂಗಿ, ಮಾತಿಗೊಮ್ಮೆ ‘ಮೇಡಂ’. ನಮ್ಮ ಬೋಟ್ ಹೌಸಿನ ಗೋಡೆಗೆ ಇದು ಬೇಕೇ ಬೇಕು ಮೇಡಂ, ನಮ್ಮ ಸಣ್ಣಮಾದಯ್ಯನ ಮಗಳು ಬರೆದದ್ದು ಅಂದರೆ ನಮಗೇ ಹೆಮ್ಮೆ ಮೇಡಂ ಅಂದ. ಅಪ್ಪ ದಿನಾ ನೋಡುತ್ತಾನೆ ಎಂಬ ಆಸೆಗೆ ಪ್ರೀತಿ ಕೊಟ್ಟೇಬಿಟ್ಟಳು. ತಿಂಗಳು ಕಳೆಯುವಷ್ಟರಲ್ಲಿ ಚಿತ್ರ ಪೋಸ್ಟರ್ ಆಗಿ ಊರಿನ ಆಟೋಗಳ ಬೆನ್ನಿಗೆ ಅಂಟಿಕೊಂಡಿತು. ಮೇಲೆ ದಪ್ಪಕ್ಷರ: ‘ಸುರಕ್ಷಿತ ವಿಹಾರ, ಸುಂದರ ಸಂಜೆ’. ಮೂಲೆಯಲ್ಲಿ ಅವಳ ಹೆಸರು. ಆ ‘ಸುರಕ್ಷಿತ’ ಎಲ್ಲಿಂದ ಬಂತು ಎಂದು ಆಗಲೇ ಕೇಳಬೇಕಿತ್ತು. ಆದರೆ ಸಿಗ್ನಲ್ಲಿನಲ್ಲಿ ಮುಂದೆ ನಿಂತ ಆಟೋದ ಬೆನ್ನಲ್ಲಿ ತನ್ನ ಹೆಸರು ಕಂಡರೆ ಯಾರಿಗೆ ತಾನೆ ಬೇರೆ ಅಕ್ಷರ ಕಾಣುತ್ತದೆ?

ಯುಗಾದಿ ಮುಗಿದ ಮೊದಲ ಭಾನುವಾರ ಕೆರೆಯ ಹತ್ತಿರ ಕಾಲಿಡಲು ಜಾಗವಿರಲಿಲ್ಲ. ಸಣ್ಣಮಾದಯ್ಯನ ದೋಣಿ ತುಂಬಿದ ಮೇಲೂ ಸ್ವರೂಪ್ ಟಿಕೆಟ್ ಕಿಟಕಿಯಿಂದ ಕೂಗಿ ಕೂಗಿ ಇನ್ನಷ್ಟು ಜನರನ್ನು ಹತ್ತಿಸಿದ. ಸಾಕು ಸಾರ್ ಎಂದು ಸಣ್ಣಮಾದಯ್ಯ ಕೈಯೆತ್ತಿದ್ದನ್ನು ಸಾಲಿನಲ್ಲಿದ್ದವರೆಲ್ಲ ಕಂಡರು. ಹಿಂದೆ ಎಷ್ಟೋ ಸಲ ಲೈಫ್ ಜಾಕೆಟ್ ತರಿಸಿಕೊಡಿ ಎಂದು ಅವನು ಅಂಗಲಾಚಿದ್ದ. ‘ಮೊಣಕಾಲುದ್ದದ ಕೆರೆಗೆ ಜಾಕೆಟ್ ಯಾಕ್ರೀ’ ಎಂದು ಸ್ವರೂಪ್ ನಕ್ಕಿದ್ದ. ಅವತ್ತು ನಡುನೀರಿನಲ್ಲಿ ಯಾರೋ ಫೋಟೋಗೆಂದು ಎದ್ದರು, ಎಲ್ಲರೂ ಒಂದೇ ಕಡೆಗೆ ವಾಲಿದರು, ದೋಣಿ ಮಗುಚಿತು. ಮೊಣಕಾಲುದ್ದದ ಕೆರೆಯಲ್ಲಿ ಆಳುದ್ದದ ನೀರಿತ್ತು. ಸಣ್ಣಮಾದಯ್ಯ ಒಬ್ಬೊಬ್ಬರನ್ನೇ ಹುಟ್ಟು ಹಿಡಿಸಿ, ಕೂದಲು ಹಿಡಿದು, ಮಗುಚಿದ ದೋಣಿಯ ಬೆನ್ನಿಗೆ ಎಳೆದು ಹಾಕಿದ. ಎಲ್ಲರೂ ಸಿಕ್ಕರು, ಒಂದು ಮಗುವನ್ನು ಬಿಟ್ಟು. ಮೊದಲ ಸಲ ದೋಣಿ ಹತ್ತಲು ಬಂದಿದ್ದ ಮಹೇಂದ್ರ ಎಂಬವರ ಮಗಳು ಗಗನ. ಇನ್ನೂ ಮೂರನೇ ಕ್ಲಾಸು. ಅವಳನ್ನು ಸಣ್ಣಮಾದಯ್ಯನೇ ಎತ್ತಿಕೊಂಡು ಬಂದ, ಆದರೆ ತಡವಾಗಿ.

ಮರುದಿನ ಬೆಳಿಗ್ಗೆ ಬೋಟ್ ಹೌಸಿಗೆ ಒಂದು ಗೂಡ್ಸ್ ಆಟೋ ತುಂಬ ಹೊಸ ಲೈಫ್ ಜಾಕೆಟ್ ಬಂದವು. ಕಿತ್ತಳೆ ಬಣ್ಣದವು. ಸ್ವರೂಪ್ ಅವುಗಳ ಪ್ಲಾಸ್ಟಿಕ್ ಕವರ್ ಕೀಳಿಸಿ, ಕೆರೆಯ ನೀರಿನಲ್ಲಿ ಅದ್ದಿಸಿ, ಮಣ್ಣಿಗೆ ತಿಕ್ಕಿಸಿ, ಬಿಸಿಲಿಗೆ ಹಾಕಿಸಿದ. ಸಂಜೆಯ ಹೊತ್ತಿಗೆ ವರ್ಷಗಟ್ಟಲೆ ಬಳಸಿದ ಹಾಗೆ ಕಾಣುತ್ತಿದ್ದವು. ಇದನ್ನು ಪ್ರೀತಿಗೆ ಹೇಳಿದವನು ಇನ್ನೊಬ್ಬ ದೋಣಿಯವನು, ಮೂಗಯ್ಯ. ಅದ್ದಿದ ಕೈಗಳಲ್ಲಿ ಅವನದೂ ಒಂದು.

“ಇದನ್ನ ಪೊಲೀಸ್ರ ಹತ್ರ ಹೇಳ್ತೀಯಾ ಮಾವ?” ಅಂದಳು ಪ್ರೀತಿ.

“ಹೇಳಿದ್ರೆ ನನ್ ಕೆಲ್ಸ ಹೋಗ್ತದೆ ಕಣವ್ವ. ನಿಂಗೆ ಹೇಳ್ಬುಟ್ಟೆ, ನನ್ ಹೊಟ್ಟೆ ತಣ್ಗಾಯ್ತು. ಅಷ್ಟು ಸಾಕು ಬುಡು.”

ಅವನ ಹೊಟ್ಟೆ ತಣ್ಣಗಾಯಿತು. ಅವಳ ಹೊಟ್ಟೆಗೆ ಬೆಂಕಿ ಬಿತ್ತು.

ಸ್ವರೂಪನ ಮಾತು ಸರಳವಾಗಿತ್ತು: ಜಾಕೆಟ್ ಯಾವತ್ತೂ ಇದ್ದವು, ಅವತ್ತು ದೋಣಿಯವನು ಕೊಡಲಿಲ್ಲ. ಸಾಲಿನಲ್ಲಿ ನಿಂತು ಕಂಡವರು ಯಾರೂ ಸಾಕ್ಷಿ ಹೇಳಲು ಮುಂದೆ ಬರಲಿಲ್ಲ. ಪೊಲೀಸರು ಸಣ್ಣಮಾದಯ್ಯನನ್ನು ಕರೆದುಕೊಂಡು ಹೋಗಿ ಕೇಸು ಹಾಕಿದರು. ಜಾಮೀನಿನ ಮೇಲೆ ಹೊರಬಂದವನು ಓಣಿಯಲ್ಲಿ ತಲೆಯೆತ್ತಿ ನಡೆಯಲಿಲ್ಲ. ಮಗು ಕೊಂದವನು ಎಂದು ಯಾರೂ ಎದುರಿಗೆ ಅನ್ನಲಿಲ್ಲ. ಆದರೆ ಅವನು ಬಂದರೆ ಹೋಟೆಲಿನ ಬೆಂಚಿನಲ್ಲಿ ಮಾತು ನಿಲ್ಲುತ್ತಿತ್ತು. ಅದರ ಜೊತೆಗೆ ಸರ್ಕಾರ ಬೇರೆಯಾಗಿ ವಿಚಾರಣೆಗೆ ಒಬ್ಬ ಅಧಿಕಾರಿಯನ್ನು ನೇಮಿಸಿತು. ತಪ್ಪು ದೋಣಿಯವನದೋ ಗುತ್ತಿಗೆದಾರನದೋ ಎಂದು ಅವರು ಬರೆಯುವುದರ ಮೇಲೆ ಸಣ್ಣಮಾದಯ್ಯನ ಉಳಿದ ಆಯುಸ್ಸು ನಿಂತಿತ್ತು.

ಅಧಿಕಾರಿಯ ಹೆಸರು ಪ್ರೇಮಲೀಲಾ. ಮಾತು ಕಡಿಮೆ, ಕಾಗದದಿಂದ ಕಣ್ಣು ಎತ್ತುವುದು ಇನ್ನೂ ಕಡಿಮೆ. ಮೊದಲ ದಿನ ಸ್ವರೂಪ್ ಅವರ ಮೇಜಿನ ಮೇಲೆ ಆ ಪೋಸ್ಟರ್ ಹರಡಿದ. “ನೋಡಿ ಮೇಡಂ. ಅಪಘಾತಕ್ಕೆ ಎಷ್ಟೋ ಮುಂಚೆ ಪ್ರಿಂಟ್ ಆಗಿದ್ದು. ಒಬ್ಬೊಬ್ಬರ ಮೈಮೇಲೂ ಕಿತ್ತಳೆ ಜಾಕೆಟ್. ಬರೆದೋರು ಯಾರು? ಇವರ ಮಗಳೇ. ದಡದಲ್ಲಿ ಕೂತು, ಕಣ್ಣಾರೆ ಕಂಡು ಬರೆದಿದ್ದು.”

ಹಿಂದಿನ ಬೆಂಚಿನಲ್ಲಿ ಕೂತಿದ್ದ ಪ್ರೀತಿ ಕತ್ತು ಚಾಚಿ ಪೋಸ್ಟರ್ ನೋಡಿದಳು. ಅಪ್ಪನ ದೋಣಿಗೆ ಅವಳು ಮುಡಿಸಿದ ಹೂಗಳೇ ಅಪ್ಪನ ಕುತ್ತಿಗೆಗೆ ಬಂದಿದ್ದವು.

“ನಿಮ್ಮ ಮಗಳು ಬರೆದದ್ದೇನ್ರೀ?” ಎಂದರು ಪ್ರೇಮಲೀಲಾ.

“ಊ ಅವ್ವ.”

“ಇದರಲ್ಲಿರೋದು ನಿಜವೋ ಸುಳ್ಳೋ?”

ಸಣ್ಣಮಾದಯ್ಯ ಪೋಸ್ಟರನ್ನು ನೋಡಿದ, ಮಗಳನ್ನು ನೋಡಿದ, ನೆಲ ನೋಡಿದ. ಬಾಯಿ ಬಿಡಲಿಲ್ಲ. ಎಷ್ಟು ಕೇಳಿದರೂ ಬಿಡಲಿಲ್ಲ. ಪ್ರೀತಿ ಎದ್ದು ಏನೋ ಹೇಳಲು ಹೋದರೆ, ಇವತ್ತು ಅವರ ಹೇಳಿಕೆ ಮಾತ್ರ ಎಂದು ಕೂರಿಸಿದರು. ಮುಂದಿನ ಸಲಕ್ಕೆ ಮೂಲ ಚಿತ್ರ ತನ್ನಿ, ಚಿತ್ರ ಬಲ್ಲವರೊಬ್ಬರನ್ನು ಕರೆಸಿ ಎಂದು ಸ್ವರೂಪನಿಗೂ, ನೀವೂ ಆಗ ಮಾತಾಡಿ ಎಂದು ಪ್ರೀತಿಗೂ ಹೇಳಿ ಅಧಿಕಾರಿ ಎದ್ದರು.

ಮನೆಗೆ ಬಂದದ್ದೇ ಪ್ರೀತಿ ಚಪ್ಪಲಿ ಬಿಡುವ ಮೊದಲೇ ಅಪ್ಪನ ಮೇಲೆ ಹರಿಹಾಯ್ದಳು.

“ಬಾಯಲ್ಲಿ ಏನಿಟ್ಕೊಂಡಿದ್ದೆ ಅಪ್ಪ? ಇರ್ಲಿಲ್ಲ ಅಂತ ಒಂದ್ ಮಾತು ಅನ್ನೋಕೆ ಏನಾಗಿತ್ತು ನಿಂಗೆ?”

“ಎಂಗೆ ಅನ್ಲವ್ವ?” ಸಣ್ಣಮಾದಯ್ಯ ಗೋಡೆಗೆ ಒರಗಿ ಕೂತ. “ನನ್ ಮಗಳು ಸುಳ್ಳು ಬರೆದವ್ಳೆ ಅಂತ ನಾನೇ ಹೇಳ್ಳಾ? ಇಸ್ಕೂಲಿನೋರು ಕೇಳುದ್ರೆ? ಪೇಪರ್ನೋರು ಬರೆದ್ರೆ? ಇಷ್ಟು ವರ್ಸ ಓದ್ಸಿದ್ದು ಇದಕ್ಕಾ?”

“ನನ್ ಹೆಸರು ಉಳ್ಸೋಕೆ ನೀನು ಜೈಲಿಗೆ ಹೋಗ್ತೀಯಾ?”

“ಮಗು ಸತ್ತದ್ದು ನನ್ ದೋಣೀಲೇ ತಾನೇ.”

ಅವಳಿಗೆ ಅಪ್ಪನನ್ನು ಹಿಡಿದು ಅಲುಗಿಸಬೇಕು ಅನ್ನಿಸಿತು. ಲೋಕದ ಮೇಲೆ ಬರುವ ಕೋಪ ಒಂದು ಬಗೆ. ಒಳ್ಳೆಯವರ ಮೇಲೆ ಬರುವ ಕೋಪವೇ ಬೇರೆ, ಅದನ್ನು ಎಲ್ಲಿ ಇಳಿಸುವುದೆಂದೇ ತಿಳಿಯುವುದಿಲ್ಲ. ಕೊನೆಗೆ ಅಡುಗೆಮನೆಗೆ ಹೋಗಿ ಒಂದು ಪಾತ್ರೆಯನ್ನು ಎತ್ತಿ ಕುಕ್ಕಿದಳು. ಚಲುವಮ್ಮ ಪಾತ್ರೆಯನ್ನು ಎತ್ತಿಟ್ಟು, “ಅದು ಏನ್ ಮಾಡ್ತು ನಿಂಗೆ? ಕುಕ್ಬೇಕಾದೋರ್ನ ಹೋಗಿ ಕುಕ್ಕು” ಅಂದಳು. ಅವಳ ಕಣ್ಣೂ ಕೆಂಪಾಗಿತ್ತು.

ಪ್ರೀತಿ ಸರಸ್ವತಿಪುರಂಗೆ ಹೋದಳು. ವಾಗೀಶ ಮೇಷ್ಟ್ರು ಜಗುಲಿಯಲ್ಲಿ ಕೂತು ಕುಂಚ ತೊಳೆಯುತ್ತಿದ್ದರು. ವಿಷಯವೆಲ್ಲ ಅವರಿಗೆ ಗೊತ್ತಿತ್ತು. ಬೇಕಾದ್ದಕ್ಕಿಂತ ಹೆಚ್ಚೇ ಗೊತ್ತಿತ್ತು.

“ಬಾಮ್ಮ. ಸ್ವರೂಪ್ ಬಂದಿದ್ದರು. ವಿಚಾರಣೆಗೆ ಚಿತ್ರ ಬಲ್ಲವರಾಗಿ ನಾನೇ ಬರಬೇಕಂತೆ.”

ಪ್ರೀತಿಗೆ ಹೋದ ಜೀವ ಬಂತು. “ಒಳ್ಳೇದೇ ಆಯ್ತು ಸಾರ್. ಕಿತ್ತಳೆ ಇಡೋಕೆ ಹೇಳಿದ್ದು ನೀವೇ ಅಂತ ಹೇಳಿಬಿಡಿ, ಮುಗೀತು.”

ಮೇಷ್ಟ್ರು ಕುಂಚವನ್ನು ಬಟ್ಟೆಯಲ್ಲಿ ಸುತ್ತಿ ಹಿಂಡಿದರು. ಹಿಂಡುತ್ತಲೇ ಇದ್ದರು. “ನೋಡು, ನಾನು ವಿದ್ಯಾರ್ಥಿಗಳಿಗೆ ಸಾವಿರ ಮಾತು ಹೇಳಿರ್ತೀನಿ. ಯಾವುದನ್ನು ಯಾವಾಗ ಅಂದೆ ಅಂತ ಹೇಗೆ ನೆನಪಿರುತ್ತೆ? ಅದೂ ಅಲ್ಲದೆ, ಇಂಪ್ರೆಷನಿಸ್ಟ್ ಅನ್ನೋನು ಕಂಡದ್ದನ್ನ ಬರೀತಾನೆ ಅಂತ ನಾನು ಜೀವಮಾನವೆಲ್ಲ ಭಾಷಣ ಮಾಡಿದೀನಿ. ಈಗ ಹೋಗಿ, ಇಲ್ಲ, ನಾವು ಇಲ್ಲದ್ದನ್ನೂ ಮೆತ್ತುತ್ತೀವಿ ಅನ್ನಲಾ?”

“ಒಂದು ಮಗು ಸತ್ತಿದೆ ಸಾರ್.”

“ಅದಕ್ಕೆ ನಾನೇನು ಮಾಡ್ಲಮ್ಮ? ಚಿತ್ರ ಚಿತ್ರ, ಕೋರ್ಟು ಕೋರ್ಟು.”

ಒಳಗಿನ ಕೋಣೆಯ ಬಾಗಿಲು ಅರೆ ತೆರೆದಿತ್ತು. ಗೋಡೆಗೆ ಒಂದು ದೊಡ್ಡ ನಕ್ಷೆ ಆನಿಸಿದ್ದರು: ಹೊನ್ನಮ್ಮನ ಕೆರೆಯ ದಡದಲ್ಲಿ ಕಲಾಕೇಂದ್ರ, ಹೆಂಚಿನ ಛಾವಣಿ, ಸುತ್ತ ಹೂಗಿಡ, ಬಾಗಿಲ ಮೇಲೆ ವಾಗೀಶರ ಹೆಸರು. ಕೆಳಗೆ ಕಟ್ಟಿಸಿಕೊಡುವವರ ಹೆಸರು, ಸ್ವರೂಪನದು.

“ಭೇಷ್” ಅಂದಳು ಪ್ರೀತಿ. “ಇದಕ್ಕೂ ಒಂದು ಕೈ ಕಿತ್ತಳೆ ಹೊಡೀರಿ ಸಾರ್, ಎದ್ದು ಕೂರುತ್ತೆ.” ಅವರು ಏನನ್ನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗೇಟು ದಡಾರನೆ ಹಾಕಿಕೊಂಡು ಹೊರಬಂದಳು. ಬಸ್‌ಸ್ಟಾಪಿನವರೆಗೂ ಬೈಯುತ್ತಲೇ ನಡೆದಳು, ಬಾಯಿ ಬಿಟ್ಟೇ. ಟ್ಯುಟೋರಿಯಲ್ ಮುಗಿಸಿ ಬರುತ್ತಿದ್ದ ಮಕ್ಕಳು ಸರಿದು ದಾರಿ ಕೊಟ್ಟರು. ಆವತ್ತಿನಿಂದ ಅವಳ ಮನಸ್ಸಿನಲ್ಲಿ ಮೇಷ್ಟ್ರಿಗಿದ್ದ ಮರ್ಯಾದೆ ಹೋಯಿತು. ಉಳಿದವನು ಬರೀ ವಾಗೀಶ.

ಬೈದೂ ಬೈದೂ ದಣಿದ ಮೇಲೆ, ಬಸ್ಸಿನ ಕಿಟಕಿಯ ಪಕ್ಕ ಕೂತಾಗ ಒಂದು ಮಾತು ನೆನಪಾಯಿತು. ಅವನೇ ಆಡಿದ ಮಾತು. ಬೇಡ ಅನ್ನಿಸಿದರೆ ಎಬ್ಬಿಸಿಬಿಡಬಹುದು, ಕೆಳಗಿನ ಬಣ್ಣಕ್ಕೆ ಏನೂ ಆಗಲ್ಲ. ಪ್ರೀತಿ ಸೀಟಿನಲ್ಲಿ ನೆಟ್ಟಗೆ ಕೂತಳು. ಎಬ್ಬಿಸಿದರೆ ಚಿತ್ರ ಹಾಳು. ವಾರ್ನಿಷ್ ಚಾಕುವಿಗೆ ಮಣಿಯುತ್ತದೆಯೋ ಇಲ್ಲವೋ ಗ್ಯಾರಂಟಿಯಿಲ್ಲ. ಕೆಳಗಿನದೂ ಕಿತ್ತು ಬಂದರೆ ಅಪ್ಪನಿಗಿದ್ದ ಒಂದೇ ಸಾಕ್ಷಿ ಬರೀ ಬಟ್ಟೆಯಾಗುತ್ತದೆ. ಹಾಳಾಗಲಿ ಅಂದುಕೊಂಡಳು. ಇನ್ನೇನು ಉಳಿದಿದೆ ಹಾಳಾಗಲು?

ವಿಚಾರಣೆಯ ದಿನ ಆ ಕೋಣೆಯಲ್ಲಿ ಫ್ಯಾನು ಗರಗರ ಅನ್ನುತ್ತಿತ್ತು. ಕಿಟಕಿಯ ಪಕ್ಕ ಮೇಜಿನ ಮೇಲೆ ಮೂಲ ಚಿತ್ರವನ್ನು ಗೋಡೆಗೆ ಆನಿಸಿ ಇಟ್ಟಿದ್ದರು. ಸ್ವರೂಪ್ ಇದ್ದ, ವಾಗೀಶ ಜರಿಯಂಚಿನ ಶಲ್ಯ ಹೊದ್ದು ಬಂದಿದ್ದ. ಮೂಲೆಯ ಕುರ್ಚಿಯಲ್ಲಿ ಗಡ್ಡ ಬಿಟ್ಟ ಒಬ್ಬರು ಯಾರ ಕಡೆಗೂ ನೋಡದೆ ಕೂತಿದ್ದರು. ಅವರು ಮಹೇಂದ್ರ, ಗಗನಳ ತಂದೆ. ಸಣ್ಣಮಾದಯ್ಯ ಅವರನ್ನು ಕಂಡವನೇ ಬಾಗಿಲ ಹತ್ತಿರ ನಿಂತುಬಿಟ್ಟ, ಕುರ್ಚಿ ಕೊಟ್ಟರೂ ಕೂರಲಿಲ್ಲ.

ವಾಗೀಶ ಚೆನ್ನಾಗಿ ಮಾತಾಡಿದ. ಅವನಿಗೆ ಮಾತು ಬರುತ್ತಿತ್ತು. ಬೆಳಕು, ಕ್ಷಣ, ಕಣ್ಣಿನ ಪ್ರಾಮಾಣಿಕತೆ. “ಈ ಶೈಲಿಯ ಕಲಾವಿದರು ಸ್ಥಳದಲ್ಲೇ ಕೂತು ಕಣ್ಣಿಗೆ ಬಿದ್ದದ್ದನ್ನ ಮಾತ್ರ ದಾಖಲಿಸ್ತಾರೆ ಮೇಡಂ. ಕಿತ್ತಳೆ ಕಾಣ್ತಿದೆ ಅಂದ್ರೆ ಅಲ್ಲಿ ಕಿತ್ತಳೆ ಇತ್ತು ಅಂತಲೇ ಅರ್ಥ.”

“ಇರಲಿಲ್ಲ” ಅಂದಳು ಪ್ರೀತಿ, ಎದ್ದು ನಿಂತು. “ಅದನ್ನ ನಾನು ಮನೇಲಿ ಸೇರಿಸಿದ್ದು. ಚಿತ್ರ ಚೆನ್ನಾಗಿ ಕಾಣ್ಲಿ ಅಂತ. ಸೇರಿಸು ಅಂತ ಒಬ್ಬೊಬ್ಬರ ಎದೆ ಮುಟ್ಟಿ ತೋರಿಸಿದೋರು ಇವರೇ.”

ವಾಗೀಶ ಶಲ್ಯ ಸರಿಪಡಿಸಿಕೊಂಡ. ಸ್ವರೂಪ್ ಮೆಲ್ಲಗೆ ನಕ್ಕ. “ಪಾಪ ಮೇಡಂ. ಅಪ್ಪನ್ನ ಉಳಿಸ್ಕೊಳ್ಳೋಕೆ ಮಗಳು ಏನು ಬೇಕಾದ್ರೂ ಹೇಳ್ತಾರೆ. ನಾನಾಗಿದ್ರೂ ಹೇಳ್ತಿದ್ದೆ.”

ಪ್ರೇಮಲೀಲಾ ಪೆನ್ನು ಕೆಳಗಿಟ್ಟರು. “ನೀವು ಹೇಳಿದ್ದನ್ನ ಬರ್ಕೊಳ್ತೀನಮ್ಮ. ಆದ್ರೆ ಮಾತಿಗೆ ಮಾತಾಯ್ತು. ಚಿತ್ರದಲ್ಲಿ ಇರೋದು ಇದ್ದೇ ಇದೆಯಲ್ಲ.”

ಇದ್ದೇ ಇದೆಯಲ್ಲ. ಅಷ್ಟು ಕೇಳಿದ್ದೇ ಪ್ರೀತಿಯ ಮೈಯೆಲ್ಲ ಉರಿದುಹೋಯಿತು. ಕೈಚೀಲದಿಂದ ಬಣ್ಣ ಕಲೆಸುವ ಚಾಕು ತೆಗೆದಳು. ಗಾರೆ ಕೆಲಸದವರ ಕರಣೆಯ ಮರಿಯಂಥದ್ದು, ಬೆಣ್ಣೆ ಸವರಲು ಲಾಯಕ್ಕು, ಬೆರಳು ಕೂಡ ಕೊಯ್ಯದು. ಯಾರಾದರೂ ಏನೆಂದು ಕೇಳುವ ಮೊದಲೇ ಚಿತ್ರದ ಮುಂದೆ ನಿಂತು, ಹಸಿರು ಸೀರೆಯವಳ ಎದೆಯ ಮೇಲಿನ ಕಿತ್ತಳೆಯ ಅಂಚಿಗೆ ಚಾಕು ಹಾಕಿದಳು.

“ಏಯ್!” ಸ್ವರೂಪ್ ಚಂಗನೆ ಎದ್ದ. “ಅದು ನನ್ ಪ್ರಾಪರ್ಟಿ! ಮೇಡಂ, ಸಾಕ್ಷಿ ನಾಶ ಮಾಡ್ತಿದಾಳೆ, ನೋಡ್ತಾ ಕೂತಿದೀರಲ್ಲ!”

“ನಿಲ್ಲಿಸಿ! ಯಾರು ನಿಮಗೆ ಹೇಳಿದ್ದು?” ಪ್ರೇಮಲೀಲಾ ಕೂಡ ಎದ್ದರು.

ಪ್ರೀತಿಗೆ ಕೇಳಿಸಲಿಲ್ಲ. ಚಾಕುವನ್ನು ಇನ್ನಷ್ಟು ಒತ್ತಿದಳು. ಕಿತ್ತಳೆ ಮೊದಲು ಅಲುಗಲಿಲ್ಲ. ಆಮೇಲೆ ಅಂಚು ಎದ್ದಿತು, ಹಾಲಿನ ಮೇಲಿನ ಕೆನೆಯ ಹಾಗೆ ಸುಕ್ಕಾಯಿತು, ಇಡಿಯಾಗಿ ಎದ್ದು ಚಾಕುವಿನ ಮೇಲೆ ಬಂದಿತು. ಕೆಳಗೆ ಹಸಿರು. ಹೆಗಲಿಂದ ಸೊಂಟದವರೆಗೆ ಎಲ್ಲೂ ಕಡಿಯದೆ ಬಂದ ಒಂದೇ ಗೀಟು. ಸೆರಗಿನ ಅಂಚಿಗೆ ಕೂದಲೆಳೆಯಷ್ಟು ಕೆಂಪು.

ಸ್ವರೂಪ್ ಅವಳ ಕೈಗೆ ಕೈ ಹಾಕಿದ. “ಮುಟ್ಟಬೇಡಿ ಅವರನ್ನ” ಎಂದರು ಪ್ರೇಮಲೀಲಾ. ದನಿ ಏರಿರಲಿಲ್ಲ, ಆದರೆ ಅವನು ಕೈ ತೆಗೆದ. ಅವರು ಮೇಜು ಸುತ್ತಿ ಬಂದು, ಕನ್ನಡಕ ಹಣೆಗೇರಿಸಿ, ಚಿತ್ರಕ್ಕೆ ಮುಖ ಹತ್ತಿರ ತಂದರು. “ಇದು ಸೀರೆಯ ಸೆರಗಲ್ವಾ?”

“ಹೌದು ಮೇಡಂ. ದಡದಲ್ಲಿ ಕೂತು ಬರೆದದ್ದು ಇದು. ಜಾಕೆಟ್ ಹಾಕಿದ್ರೆ ಸೆರಗು ಕಾಣುತ್ತಾ? ಕಾಣದ ಸೆರಗನ್ನ ನಾನು ಯಾಕೆ ಬರೀಲಿ?”

“ಇನ್ನೊಂದು ತೆಗೀರಿ” ಅಂದರು ಪ್ರೇಮಲೀಲಾ. ಗುಮಾಸ್ತನಿಗೆ ಫೋನಿನಲ್ಲಿ ವಿಡಿಯೋ ಮಾಡಲು ಹೇಳಿದರು.

ಪ್ರೀತಿ ಬಿಳಿ ಅಂಗಿಯವನ ಮೇಲಿನದನ್ನು ತೆಗೆದಳು. ಕೆಳಗೆ ಬಿಳಿ ಅಂಗಿ, ಅದರ ಮೇಲೆ ನೀರಿನ ಹೊಳಪು. ಕಾಲೇಜು ಹುಡುಗಿಯರ ಮೇಲಿನದು ತೆಗೆದಳು. ಒಬ್ಬಳ ದುಪಟ್ಟಾ ಗಾಳಿಗೆ ಎದ್ದಿತ್ತು. ಒಂದು ಕಡೆ ಕೆಳಗಿನ ಬಣ್ಣವೂ ಕಿತ್ತು ಬಂದು ಕ್ಯಾನ್ವಾಸಿನ ಬಟ್ಟೆ ಕಂಡಿತು. ಅವಳು ಅತ್ಯಂತ ಪ್ರೀತಿಯಿಂದ ಬರೆದ ಚಿತ್ರ ಅವಳ ಕೈಯಲ್ಲೇ ಗಾಯಗಾಯವಾಗುತ್ತಿತ್ತು. ಅವಳಿಗೆ ಅಳು ಬಂತು, ಅಳುವಿನ ಮೇಲೇ ಇನ್ನಷ್ಟು ಸಿಟ್ಟು ಬಂತು, ಚಾಕು ನಿಲ್ಲಲಿಲ್ಲ.

“ನೀವು ಹೇಳಿ” ಪ್ರೇಮಲೀಲಾ ವಾಗೀಶನ ಕಡೆ ತಿರುಗಿದರು. “ಎದುರಿಗೆ ಜಾಕೆಟ್ ಕಾಣ್ತಿರುವಾಗ, ಅದರ ಕೆಳಗಿನ ಬಟ್ಟೆಯನ್ನ ಮೊದಲು ಇಷ್ಟು ಚೆನ್ನಾಗಿ ಬರೆದು, ಆಮೇಲೆ ಅದನ್ನ ಮುಚ್ಚುವ ಕಲಾವಿದರು ಯಾರಾದರೂ ಇದ್ದಾರಾ?”

ವಾಗೀಶ ಸ್ವರೂಪನನ್ನು ನೋಡಿದ. ಚಿತ್ರ ನೋಡಿದ. ಏನೇ ಆದರೂ ಬಣ್ಣ ಬಲ್ಲವನು. ಬಣ್ಣದ ಎದುರಿಗೆ ಸುಳ್ಳು ಹೇಳಲು ಅವನ ನಾಲಿಗೆ ಹೊರಳಲಿಲ್ಲ. “ಇಲ್ಲ” ಅಂದ. “ಕಿತ್ತಳೆ ಆಮೇಲಿನದು.” ಯಾರು ಹೇಳಿ ಇಟ್ಟದ್ದು ಎಂಬುದನ್ನು ಆಗಲೂ ಬಾಯಿ ಬಿಡಲಿಲ್ಲ.

ಬಾಗಿಲ ಹತ್ತಿರ ಸದ್ದಾಯಿತು. ಸಣ್ಣಮಾದಯ್ಯ ಮುಂದೆ ಬಂದಿದ್ದ. ಮಗಳ ಹೆಸರು ಉಳಿಸಲು ಬಾಯಿಗೆ ಬೀಗ ಹಾಕಿಕೊಂಡಿದ್ದವನ ಮುಂದೆ ಮಗಳೇ ಆ ಹೆಸರನ್ನು ಹರಿದು ಹಾಕುತ್ತಿದ್ದಳು. ಇನ್ನು ಅವನು ಕಾಯುವುದಕ್ಕೆ ಏನೂ ಉಳಿದಿರಲಿಲ್ಲ.

“ಇರ್ಲಿಲ್ಲ ಸ್ವಾಮಿ” ಅಂದ, ಪ್ರೇಮಲೀಲಾಗೆ ಅಲ್ಲ, ಮೂಲೆಯಲ್ಲಿ ಕೂತಿದ್ದ ಮಹೇಂದ್ರರಿಗೆ ಕೇಳುವಂತೆ. “ಒಂದೂ ಇರ್ಲಿಲ್ಲ. ಯಾವತ್ತೂ ಇರ್ಲಿಲ್ಲ. ಕೇಳ್ದೆ, ಕೇಳ್ದೆ, ಕೇಳಿ ಸಾಕಾಗಿ ಸುಮ್ಕಾಗ್ಬುಟ್ಟೆ ಸ್ವಾಮಿ. ಇಲ್ದಿದ್ ಮೇಲೆ ನಾನು ಯಾರ್ನೂ ಹತ್ತುಸ್ಕೋಬಾರ್ದಾಗಿತ್ತು. ಅದು ನನ್ ತಪ್ಪು.”

ಮಹೇಂದ್ರ ಎದ್ದು ನಿಂತರು. ಸ್ವರೂಪ್ ಏನೋ ಹೇಳತೊಡಗಿದ, ಷೆಡ್ಡಿನಲ್ಲಿ ಜಾಕೆಟ್‌ಗಳಿವೆ, ಬೇಕಾದರೆ ಬಂದು ಎಣಿಸಿ ಎಂದು. ಪ್ರೀತಿ ತಿರುಗಿಯೂ ನೋಡದೆ, “ಕೆರೇಲಿ ಅದ್ದಿ ಮಣ್ಣಿಗೆ ತಿಕ್ಕಿಸಿದ್ರಲ್ಲ, ಅವೇ ತಾನೇ?” ಅಂದಳು. “ಮೂಗಯ್ಯನ್ನ ಕರೆಸಿ ಮೇಡಂ. ಸ್ವರೂಪ್ ಎದುರಿಗೆ ಬೇಡ, ಒಬ್ಬನ್ನೇ ಕೂರಿಸಿ ಕೇಳಿ.” ಪ್ರೇಮಲೀಲಾ ಆ ಹೆಸರನ್ನು ಬರೆದುಕೊಂಡರು.

ಚಿತ್ರದಲ್ಲಿ ಇನ್ನು ಒಂದೇ ಒಂದು ಕಿತ್ತಳೆ ಗೀಟು ಉಳಿದಿತ್ತು. ದೋಣಿಯ ಮೂತಿಯಲ್ಲಿ, ನೀರು ಮುಟ್ಟಲು ಕೈ ಚಾಚಿದ ಮಗುವಿನ ಮೇಲೆ. ಯಾರ ಮಗುವೋ, ಆವತ್ತು ನಗುನಗುತ್ತ ದಡಕ್ಕೆ ಬಂದು ಐಸ್‌ಕ್ರೀಮ್ ತಿಂದು ಮನೆಗೆ ಹೋದ ಮಗು. ಪ್ರೀತಿ ಅದರ ಅಂಚಿಗೆ ಚಾಕು ಒಡ್ಡಿದಳು.

ಅವಳ ಮಣಿಕಟ್ಟಿನ ಮೇಲೆ ಒಂದು ಕೈ ಬಂದು ಕೂತಿತು. ಮಹೇಂದ್ರ. ಅವರ ಹಿಡಿತದಲ್ಲಿ ಬಲವೇ ಇರಲಿಲ್ಲ.

“ಅದೊಂದನ್ನ ತೆಗೀಬೇಡಿ ಕಣಮ್ಮ” ಅಂದರು. “ಆ ಮಗುಗೆ ಇರ್ಲಿ.”

ಪ್ರೀತಿ ಚಾಕು ಕೆಳಗಿಟ್ಟಳು. ಮಹೇಂದ್ರ ಆ ಗೀಟನ್ನು ನೋಡುತ್ತ ನಿಂತೇ ಇದ್ದರು. ಆಮೇಲೆ ನಿಧಾನವಾಗಿ, ಇಷ್ಟು ದಿನ ಸಣ್ಣಮಾದಯ್ಯನಿಗೆಂದು ಇಟ್ಟುಕೊಂಡಿದ್ದ ಕೋಪದ ಕಣ್ಣುಗಳನ್ನು ಸ್ವರೂಪನ ಕಡೆಗೆ ತಿರುಗಿಸಿದರು.